ಮೂಡಿಗೆರೆಯಿಂದ ಪಾರೋಸ್‌ಗೆ: ಯಾಟ್‌ಗೆ ಮರಳುವಾಗ ಎಡವಿದ್ದೆಲ್ಲಿ?

ಪ್ರಶ್ನೆ: ನಾನು ಮೂಡಿಗೆರೆ ತಾಲ್ಲೂಕಿನ ಕೊಟ್ಟಿಗೆಹಾರದ ಹತ್ತಿರದವನು. ಗ್ರೀಸ್‌ನಲ್ಲಿ ಪ್ರವಾಸಿಗರಿಗೆ ಬಾಡಿಗೆಗೆ ಕೊಡುವ ಯಾಟ್ (ವಿಹಾರ ನೌಕೆ) ಒಂದರಲ್ಲಿ ಅಡುಗೆಯವನು. ಮೇ 4ಕ್ಕೆ ಅಲ್ಲಿಗೆ ಹೋಗಿದ್ದೆ. ಅಪ್ಪನ ಆಪರೇಷನ್ ಇದ್ದುದರಿಂದ ಜುಲೈ 1ಕ್ಕೆ ಊರಿಗೆ ಹೊರಟು ಬಂದೆ. ವಾಪಸ್ ಹೋಗುವಾಗ ಎಲ್ಲವೂ ಕೈಕೊಟ್ಟಿತು. ಬೆಳಗಿನ ಜಾವ ನಾಲ್ಕರ ವಿಮಾನಕ್ಕೆ ಹಿಂದಿನ ಸಂಜೆ ಏಳಕ್ಕೆ ಮನೆ ಬಿಟ್ಟೆ. ಬೇಲೂರಿಗೆ ಮುಂಚೆ ರಸ್ತೆಗೆ ಮರ ಬಿದ್ದಿತ್ತು. ಏರ್‌ಪೋರ್ಟಿನಲ್ಲಿ ತಪ್ಪು ಟರ್ಮಿನಲ್‌ಗೆ ಹೋಗಿ, ಸರಿಯಾದ ಕಡೆ ಬರುವಷ್ಟರಲ್ಲಿ ಕೌಂಟರ್ ಮುಚ್ಚಿತ್ತು. ಅಲ್ಲೇ ಕೂತು ಫೋನಿನಲ್ಲಿ ಎರಡು ಬೇರೆ ಬೇರೆ ಟಿಕೆಟ್ ತೆಗೆದೆ. ಗಲ್ಫ್‌ನಲ್ಲಿ ಚೀಲ ತೆಗೆದುಕೊಳ್ಳಲು ಹೊರಗೆ ಬಿಡಲಿಲ್ಲ, 19 ಗಂಟೆ ಸಿಕ್ಕಿಬಿದ್ದೆ. ಜುಲೈ 12ಕ್ಕೆ ಅಥೆನ್ಸ್ ತಲುಪಿದರೆ, ಅಧಿಕಾರಿ ನಾನು ಅಲ್ಲಿದ್ದ ದಿನಗಳನ್ನು ಎಣಿಸುತ್ತಾ ಒಂದು ಗಂಟೆ ನಿಲ್ಲಿಸಿದರು. ಬೋಟು ಅಷ್ಟರಲ್ಲಿ ಅತಿಥಿಗಳನ್ನು ಹತ್ತಿಸಿಕೊಂಡು ಪಾರೋಸ್ ದ್ವೀಪಕ್ಕೆ ಹೋಗಿತ್ತು, ಗಾಳಿಗೆ ಫೆರ್ರಿ ನಿಂತಿತ್ತು. ಚೀಲ ಜುಲೈ 18ಕ್ಕೆ ಬಂತು. ಒಂದು ಚಾಕುವಿನ ತುದಿ ಮುರಿದಿತ್ತು, ಅಮ್ಮ ಕಟ್ಟಿಕೊಟ್ಟ ತುಪ್ಪದ ಡಬ್ಬಿ ಇರಲಿಲ್ಲ. ಈಗ ಕ್ಯಾಪ್ಟನ್ ಹೊಸ ಟಿಕೆಟಿನ ದುಡ್ಡು ಸಂಬಳದಲ್ಲಿ ಹಿಡಿಯುತ್ತೇನೆ ಅನ್ನುತ್ತಿದ್ದಾರೆ. ಇದು ಸರಿಯೇ? ಮುಂದಿನ ಸಲ ಏನು ಮಾಡಲಿ?

ಉತ್ತರ: ನಿಮ್ಮ ಪತ್ರ ನನ್ನ ಕೈಗೆ ಬಂದದ್ದು ಜುಲೈ 30ಕ್ಕೆ. ನೀವು ಕೇಳದೇ ಇದ್ದ ಒಂದು ವಿಷಯ ಅದರಲ್ಲಿ ಕಂಡಿದ್ದರಿಂದ ಅವತ್ತೇ ನಿಮಗೆ ಫೋನ್ ಮಾಡಿದೆ. ಮಲೆನಾಡಿನಿಂದ ಈ ಕೆಲಸಕ್ಕೆ ಹೋಗುವ ಹುಡುಗರು ಈಗ ಹೆಚ್ಚುತ್ತಿದ್ದಾರೆ. ಅವರಿಗೂ ಗೊತ್ತಿರಲಿ ಎಂದು ಇಲ್ಲಿ ವಿವರವಾಗಿ ಬರೆಯುತ್ತಿದ್ದೇನೆ.

ಅಧಿಕಾರಿ ಎಣಿಸುತ್ತಿದ್ದ ಆ ದಿನಗಳಿಂದಲೇ ಶುರು ಮಾಡೋಣ. ಮೇ 4ರಿಂದ ಜುಲೈ 1ರವರೆಗೆ, ಬಂದ ದಿನ ಹೋದ ದಿನ ಎರಡನ್ನೂ ಸೇರಿಸಿದರೆ 59 ದಿನ. ಷೆಂಗೆನ್ ಅಂದರೆ ತಮ್ಮತಮ್ಮೊಳಗೆ ಗಡಿ ತಪಾಸಣೆ ಇಲ್ಲದ ಯುರೋಪಿನ ದೇಶಗಳ ಗುಂಪು, ಗ್ರೀಸ್ ಅದರಲ್ಲೊಂದು. ಅಲ್ಪಾವಧಿಯ ಷೆಂಗೆನ್ ವೀಸಾದಲ್ಲಿ ಯಾವುದೇ 180 ದಿನಗಳ ಅವಧಿಯಲ್ಲಿ 90 ದಿನಕ್ಕಿಂತ ಹೆಚ್ಚು ಇರುವ ಹಾಗಿಲ್ಲ. ಉಳಿದದ್ದು 31. ಜುಲೈ 12ರಿಂದ ಎಣಿಸಿದರೆ ಆಗಸ್ಟ್ 11ಕ್ಕೆ ಅದು ಮುಗಿಯುತ್ತದೆ. ನಿಮ್ಮ ವೀಸಾ ಚೀಟಿಯ ಮೇಲೆ ಅದಕ್ಕಿಂತ ಕಡಿಮೆ ದಿನ ನಮೂದಾಗಿದ್ದರೆ ಅದೇ ಲೆಕ್ಕ. ಮೇ ತಿಂಗಳ ದಿನಗಳು ಈ ಲೆಕ್ಕದಿಂದ ಕಳಚಿಕೊಳ್ಳಲು ಶುರುವಾಗುವುದು ಅಕ್ಟೋಬರ್ 31ಕ್ಕೆ. ಅಂದರೆ ಸೀಸನ್ನಿನ ಎರಡು ತುಂಬಿದ ತಿಂಗಳು ನಿಮ್ಮ ಹತ್ತಿರ ದಿನಗಳೇ ಇರುವುದಿಲ್ಲ.

"ನಾನು ನೆಲದ ಮೇಲೆ ಎಲ್ಲಿದ್ದೆ, ಸಮುದ್ರದಲ್ಲಿದ್ದೆನಲ್ಲ" ಎಂದು ಫೋನಿನಲ್ಲಿ ಕೇಳಿದಿರಿ. ಹಡಗಿನವರೆಲ್ಲ ನಂಬಿಕೊಂಡಿರುವ ಮಾತು ಇದು, ನಾನೂ ಎಷ್ಟೋ ವರ್ಷ ನಂಬಿದ್ದೆ. ಗ್ರೀಸ್‌ನ ಒಂದು ದ್ವೀಪದಿಂದ ಇನ್ನೊಂದಕ್ಕೆ ಹೋಗುವುದು ಷೆಂಗೆನ್ ಬಿಟ್ಟು ಹೊರಗೆ ಹೋದ ಹಾಗಲ್ಲ. ಬೋಟು ಟರ್ಕಿಯ ಬೋಡ್ರಮ್‌ಗೋ ಮಾರ್ಮರಿಸ್‌ಗೋ ಹೋಗಿ, ಗ್ರೀಸ್ ಬಿಡುವಾಗ ನಿಮ್ಮ ನಿರ್ಗಮನ ದಾಖಲಾಗಿದ್ದರೆ ಆ ದಿನಗಳನ್ನು ಬಿಡಬಹುದು. ಹಿಂದೆ ಕೆಲವು ಬಂದರುಗಳಲ್ಲಿ ಹಡಗು ಹತ್ತಿದ ದಿನವೇ ನಿರ್ಗಮನದ ಮುದ್ರೆ ಒತ್ತಿಕೊಡುತ್ತಿದ್ದರು. ಹಡಗು ಆಮೇಲೆ ತಿಂಗಳುಗಟ್ಟಲೆ ಅಲ್ಲೇ ಕಟ್ಟಿಕೊಂಡು ನಿಂತಿದ್ದರೂ ನಡೆಯುತ್ತಿತ್ತು. ರಾಟರ್‌ಡ್ಯಾಮ್ ಬಂದರಿನ ಇಂಥದೇ ಪ್ರಕರಣದಲ್ಲಿ ಐರೋಪ್ಯ ಒಕ್ಕೂಟದ ನ್ಯಾಯಾಲಯ 2020ರ ಫೆಬ್ರವರಿ 5ರಂದು ತೀರ್ಪು ಕೊಟ್ಟಿತು: ಹಡಗು ಇನ್ನೇನು ಹೊರಡಲಿದೆ ಎಂದು ಕ್ಯಾಪ್ಟನ್ ಅಧಿಕಾರಿಗಳಿಗೆ ತಿಳಿಸಿದಾಗಲೇ ಆ ಮುದ್ರೆ, ಅದಕ್ಕೆ ಮುಂಚೆ ಅಲ್ಲ. 2025ರ ಅಕ್ಟೋಬರ್ 12ರಿಂದ ಹಂತಹಂತವಾಗಿ ಬಂದ ಹೊಸ ಗಡಿ ವ್ಯವಸ್ಥೆಯಲ್ಲಂತೂ ಬೆರಳಚ್ಚು, ಮುಖದ ಚಿತ್ರದ ಜೊತೆಗೆ ಬಂದ ದಿನ ಹೋದ ದಿನ ಕಂಪ್ಯೂಟರಿನಲ್ಲೇ ಉಳಿಯುತ್ತವೆ. ಮಸುಕಾದ ಮುದ್ರೆಯ ಹಿಂದೆ ಅಡಗಿಕೊಳ್ಳುವ ಕಾಲ ಮುಗಿಯಿತು.

ಕ್ಯಾಪ್ಟನ್ ಹತ್ತಿರ ಕೂತು ಇವತ್ತೇ ಈ ಲೆಕ್ಕ ಬಿಡಿಸಿ ತೋರಿಸಿ. ಬೋಟನ್ನು ಆ ತಾರೀಖಿನೊಳಗೆ ಕ್ರಮಬದ್ಧವಾಗಿ ಟರ್ಕಿ ಕಡೆಗೆ ಒಯ್ಯುವುದೋ, ನಿಮಗೆ ದೀರ್ಘಾವಧಿಯ ರಾಷ್ಟ್ರೀಯ ವೀಸಾ ಮಾಡಿಸುವುದೋ ಎಂದು ಬಂದರಿನ ಏಜೆಂಟ್ ಮೂಲಕ ವಲಸೆ ಪೊಲೀಸರನ್ನೇ ಕೇಳಿ ತೀರ್ಮಾನಿಸಬೇಕು. ಒಂದು ದಿನ ಹೆಚ್ಚಾದರೂ ದಂಡ, ಮುಂದಿನ ವೀಸಾಕ್ಕೆ ಕಲ್ಲು. ಆ ಕಲ್ಲು ಬೀಳುವುದು ನಿಮ್ಮ ಪಾಸ್‌ಪೋರ್ಟ್ ಮೇಲೆ, ಕ್ಯಾಪ್ಟನ್ ಪಾಸ್‌ಪೋರ್ಟ್ ಮೇಲೆ ಅಲ್ಲ.

ಇನ್ನೊಂದು ಗಡುವು ಚೀಲದ್ದು. ಭಾರತವೂ ಗ್ರೀಸ್ ಸಹ ಒಪ್ಪಿರುವ 1999ರ ಮಾಂಟ್ರಿಯಲ್ ಒಪ್ಪಂದದ ಪ್ರಕಾರ, ಚೀಲ ತಡವಾಗಿ ಬಂದರೆ ಅದು ಕೈಗೆ ಸಿಕ್ಕ ದಿನದಿಂದ 21 ದಿನದೊಳಗೆ ವಿಮಾನ ಸಂಸ್ಥೆಗೆ ಲಿಖಿತ ದೂರು ಕೊಡಬೇಕು. ನಿಮ್ಮ ಲೆಕ್ಕದಲ್ಲಿ ಆಗಸ್ಟ್ 8. ಅಥೆನ್ಸ್ ಏರ್‌ಪೋರ್ಟಿನಲ್ಲಿ ಮಾಡಿಸಿದ ದೂರು ಚೀಟಿ ಇದೆ ಎಂದಿರಿ, ಒಳ್ಳೆಯದು. ಆದರೆ ಅದು ಚೀಲ ಹುಡುಕುವುದಕ್ಕೆ. ಪರಿಹಾರ ಕೇಳುವ ಪತ್ರ ಬೇರೆಯೇ ಬರೆಯಬೇಕು. ಎರಡು ಸಂಸ್ಥೆಗಳ ಟಿಕೆಟ್ ಆದ್ದರಿಂದ ಇಬ್ಬರಿಗೂ ಕಳಿಸಿ, ಇಲ್ಲವಾದರೆ ಒಬ್ಬರು ಇನ್ನೊಬ್ಬರ ಕಡೆ ಕೈ ತೋರಿಸುತ್ತಾರೆ. ಆ ಆರು ದಿನಕ್ಕೆ ಕೊಂಡ ಅಡುಗೆಮನೆ ಶೂ, ಬಿಳಿ ಅಂಗಿ, ಒಳಬಟ್ಟೆ, ಒಂದು ಚಾಕು, ಇವಕ್ಕೆಲ್ಲ ರಸೀದಿ ಲಗತ್ತಿಸಿ. 2024ರ ಡಿಸೆಂಬರ್ 28ರಿಂದ ಒಬ್ಬ ಪ್ರಯಾಣಿಕನಿಗೆ ಸಾಮಾನಿನ ಲೆಕ್ಕದಲ್ಲಿ ಗರಿಷ್ಠ ಮಿತಿ 1,519 ಎಸ್‌.ಡಿ.ಆರ್. ಇದೆ. ಅದು ಅಂತರರಾಷ್ಟ್ರೀಯ ಹಣಕಾಸು ನಿಧಿಯ ಲೆಕ್ಕದ ಏಕಮಾನ, ಒಂದು ಡಾಲರಿಗಿಂತ ಸ್ವಲ್ಪ ಹೆಚ್ಚು ಬೆಲೆಯದು. ಇದು ಮಿತಿ ಮಾತ್ರ, ಎಲ್ಲರಿಗೂ ಸಿಗುವ ಮೊತ್ತವಲ್ಲ. ಖರ್ಚು ತೋರಿಸಿದಷ್ಟು ಕೊಡುತ್ತಾರೆ.

ಮುರಿದ ಚಾಕುವಿನ ಬಗ್ಗೆ ನನಗೆ ನಿಜವಾಗಿಯೂ ಬೇಸರವಿದೆ. ಅಡುಗೆಯವನಿಗೆ ತನ್ನ ಚಾಕು ಅಂದರೆ ಏನು ಅನ್ನುವುದು ಗೊತ್ತಿದೆ. ಆದರೆ ಸಾಮಾನು ಹಾಳಾಗಿದ್ದರೆ ದೂರಿಗೆ ಇರುವುದು ಏಳೇ ದಿನ, ಅದು ಜುಲೈ 25ಕ್ಕೆ ಕಳೆದುಹೋಯಿತು. ಚೀಲ ಬಂದ ಕೂಡಲೇ, ತಂದುಕೊಟ್ಟವನ ಮುಂದೆಯೇ ಜಿಪ್ ಎಳೆದು ನೋಡುವುದನ್ನು ರೂಢಿ ಮಾಡಿಕೊಳ್ಳಿ. ಚಾಕುಗಳನ್ನು ಕೈಚೀಲದಲ್ಲಿ ಬಿಡುವುದಿಲ್ಲವಾದ್ದರಿಂದ, ಒಂದೊಂದನ್ನೂ ದಪ್ಪ ರಟ್ಟಿನಲ್ಲಿ ಸುತ್ತಿ, ಬಟ್ಟೆ ಸುರುಳಿಯೊಳಗಿಟ್ಟು, ಪ್ಯಾಕ್ ಮಾಡುವಾಗಲೇ ಒಂದು ಫೋಟೋ ತೆಗೆದಿಡಿ.

ಈಗ ದಾರಿಯ ವಿಷಯ. ನಿಮ್ಮ ತೊಂದರೆಗಳ ಸರಪಳಿ ಶುರುವಾದದ್ದು ಗಲ್ಫ್‌ನಲ್ಲೂ ಅಲ್ಲ, ಅಥೆನ್ಸ್‌ನಲ್ಲೂ ಅಲ್ಲ. ಬೇಲೂರಿಗೆ ಮುಂಚೆ ಬಿದ್ದ ಆ ಮರದಲ್ಲಿ. ಆಷಾಢದ ಮಳೆಯಲ್ಲಿ ನಮ್ಮ ಕಡೆಯ ರಸ್ತೆಯನ್ನು ಗಡಿಯಾರ ನೋಡಿ ನಂಬುವಂತಿಲ್ಲ ಅನ್ನುವುದು ನನಗಿಂತ ನಿಮಗೆ ಚೆನ್ನಾಗಿ ಗೊತ್ತು. 2019ರ ಆಗಸ್ಟ್‌ನಲ್ಲಿ ಚಾರ್ಮಾಡಿಯ ಗುಡ್ಡ ಕುಸಿದು ರಸ್ತೆ ಮುಚ್ಚಿತು, 2024ರ ಜುಲೈನಲ್ಲಿ ಸಕಲೇಶಪುರದ ಕೆಳಗೆ ಶಿರಾಡಿಯಲ್ಲಿ ಮಣ್ಣು ಜಾರಿತು, ಅದೇ ತಿಂಗಳು ಎಡಕುಮೇರಿ ಹತ್ತಿರ ರೈಲು ಹಳಿಯ ಬುಡವೂ ಕುಸಿಯಿತು. ಹಾಗಾಗಿ ಮಳೆಗಾಲದಲ್ಲಿ ಘಾಟಿ ಇಳಿದು ಮಂಗಳೂರಿನಿಂದ ವಿಮಾನ ಹಿಡಿಯುವ ಯೋಚನೆಯನ್ನು ನಾನು ಯಾರಿಗೂ ಹೇಳುವುದಿಲ್ಲ. ಬೆಂಗಳೂರಿಗೇ ಹೋಗಿ, ಆದರೆ ಹಿಂದಿನ ದಿನವೇ ಹೋಗಿ. ಅರಸೀಕೆರೆಯಲ್ಲೋ ಕಡೂರಿನಲ್ಲೋ ಹಗಲು ರೈಲು ಹತ್ತಿ, ರಾತ್ರಿ ದೇವನಹಳ್ಳಿಯ ಕಡೆ ಒಂದು ರೂಮು ಹಿಡಿದು ಮಲಗಿ. ಆ ರೂಮಿನ ಬಾಡಿಗೆಯನ್ನು ನೀವು ಕಳೆದುಕೊಂಡ ಟಿಕೆಟಿನ ಪಕ್ಕ ಇಟ್ಟು ನೋಡಿ. ಕಾರಿನಲ್ಲೇ ಹೋಗುವುದಾದರೆ ಬೇಲೂರು, ಹಳೇಬೀಡು, ಅರಸೀಕೆರೆ, ತುಮಕೂರು ದಾಟಿ ದಾಬಸ್‌ಪೇಟೆಯಲ್ಲಿ ಎಡಕ್ಕೆ ತಿರುಗಿಕೊಳ್ಳಿ. ದೊಡ್ಡಬಳ್ಳಾಪುರದ ಮೇಲೆ ದೇವನಹಳ್ಳಿಗೆ ಹೋಗುವ ಸ್ಯಾಟಲೈಟ್ ವರ್ತುಲ ರಸ್ತೆ ಅದು. ನೆಲಮಂಗಲದ ಮುಂದಿನ ಲಾರಿಗಳ ಸಾಲು, ಪೀಣ್ಯ, ಹೆಬ್ಬಾಳ ಯಾವುದೂ ಅಡ್ಡ ಬರುವುದಿಲ್ಲ. ಹಾಸನದ ಎಷ್ಟೋ ಟ್ಯಾಕ್ಸಿ ಚಾಲಕರು ಈಗಲೂ ಊರೊಳಗಿಂದಲೇ ಕರೆದುಕೊಂಡು ಹೋಗುತ್ತಾರೆ, ನೀವೇ ಹೇಳಬೇಕು.

ಟರ್ಮಿನಲ್ ತಪ್ಪಿದ್ದಕ್ಕೆ ಬೇಸರ ಮಾಡಿಕೊಳ್ಳಬೇಡಿ. 2023ರ ಸೆಪ್ಟೆಂಬರ್ 12ರಿಂದ ಬೆಂಗಳೂರಿನ ಅಂತರರಾಷ್ಟ್ರೀಯ ವಿಮಾನಗಳೆಲ್ಲ ಎರಡನೇ ಟರ್ಮಿನಲ್‌ಗೆ ಹೋದವು. ಅದಕ್ಕೆ ಮುಂಚೆ ಒಂದೇ ಕಟ್ಟಡ ನೋಡಿದ್ದವರು ಈಗಲೂ ಹಳೆಯ ಕಡೆಗೇ ಹೋಗಿ ನಿಲ್ಲುತ್ತಾರೆ. ಕೌಂಟರ್ ಹೊರಡುವ ಹೊತ್ತಿಗೆ ಒಂದು ಗಂಟೆ ಮುಂಚೆ ಮುಚ್ಚುತ್ತದೆ, ಕೆಲವರು ಇನ್ನೂ ಸ್ವಲ್ಪ ಬೇಗ. ಆಮೇಲೆ ಎಷ್ಟು ಗೋಗರೆದರೂ ಪ್ರಯೋಜನವಿಲ್ಲ.

ಅಲ್ಲಿಂದ ಮುಂದಿನ ತಪ್ಪು ಮಾತ್ರ ನಿಮ್ಮ ಕೈಯಲ್ಲೇ ಇತ್ತು. ರಾತ್ರಿ ನಿದ್ದೆಗೆಟ್ಟು, ಗಾಬರಿಯಲ್ಲಿ ಫೋನಿನಲ್ಲಿ ಅಗ್ಗದ ದರ ಕಂಡದ್ದನ್ನೇ ಒತ್ತಿದಿರಿ. ಒಂದೇ ಟಿಕೆಟಿನಲ್ಲಿ ಎರಡು ವಿಮಾನವಿದ್ದರೆ ಮೊದಲನೆಯದು ತಡವಾದಾಗ ಮುಂದಿನದಕ್ಕೆ ಹತ್ತಿಸುವ ಹೊಣೆ ಅವರದು. ಚೀಲವೂ ತಾನಾಗಿಯೇ ಕೊನೆಯ ಊರಿಗೆ ಹೋಗುತ್ತದೆ. ಎರಡು ಬೇರೆ ಟಿಕೆಟ್ ಅಂದರೆ ಕಾನೂನಿನ ಕಣ್ಣಿಗೆ ನೀವು ಗಲ್ಫ್‌ಗೇ ಹೋದವರು. ಅಲ್ಲಿ ವಲಸೆ ದಾಟಿ, ಚೀಲ ಎತ್ತಿಕೊಂಡು, ಮತ್ತೆ ಕೌಂಟರಿಗೆ ಹೋಗಬೇಕು. ವಲಸೆ ದಾಟುವುದಕ್ಕೆ ಆ ದೇಶದ ವೀಸಾ ಬೇಕು. ನಿಮ್ಮ ಹತ್ತಿರ ಇರಲಿಲ್ಲ. 19 ಗಂಟೆ ಕಳೆದದ್ದು ಅಲ್ಲಿ. ಅಂಥ ಹೊತ್ತಿನಲ್ಲಿ ಮೊದಲು ಮಾಡಬೇಕಾದದ್ದು ಮೂಲ ಟಿಕೆಟ್ ಕೊಟ್ಟವರಿಗೆ ಫೋನ್: "ತಪ್ಪಿಹೋಯಿತು, ಮುಂದಿನದಕ್ಕೆ ಬದಲಿಸಿ." ದಂಡ ಕಟ್ಟಿದರೂ ಎಷ್ಟೋ ಸಲ ಅದೇ ಅಗ್ಗ. ಸುಮ್ಮನೆ ಬಿಟ್ಟರೆ ಮುಂದಿನ ಹಂತಗಳೂ, ವಾಪಸ್ ಟಿಕೆಟ್ ಸೇರಿದ್ದರೆ ಅದೂ ತಾನಾಗಿಯೇ ರದ್ದಾಗುತ್ತದೆ. ಹಡಗಿನವರಿಗೆಂದೇ ಇರುವ ಮೆರೈನ್ ದರದ ಟಿಕೆಟ್‌ನಲ್ಲಿ ತಾರೀಖು ಬದಲಿಸುವುದು ಸುಲಭ, ಚೀಲದ ತೂಕವೂ ಹೆಚ್ಚು. ಯಾಟ್ ಕಂಪನಿಗೆ ಆ ಟಿಕೆಟನ್ನೇ ಕೇಳಿ. ಹಾಗೆಯೇ, ನೀವು ಬಳಸದ ಹಳೆಯ ಟಿಕೆಟಿನ ತೆರಿಗೆ ಮತ್ತು ಏರ್‌ಪೋರ್ಟ್ ಶುಲ್ಕ ನಿಮ್ಮದೇ ದುಡ್ಡು. ದರ ವಾಪಸ್ ಬಾರದ ಟಿಕೆಟ್ ಆದರೂ ಅದನ್ನು ಹಿಂತಿರುಗಿಸಬೇಕೆಂದು ಭಾರತದ ವಿಮಾನ ಸಂಸ್ಥೆಗಳಿಗೆ ನಮ್ಮ ವಿಮಾನಯಾನ ನಿಯಂತ್ರಕ ಡಿ.ಜಿ.ಸಿ.ಎ.ಯ ನಿಯಮವಿದೆ. ಒಂದು ಅರ್ಜಿ ಹಾಕಿ.

ವಿಮಾನ ತಡವಾದರೆ ಸಿಗುವ ಯುರೋಪಿನ 600 ಯೂರೋ ಪರಿಹಾರದ ಬಗ್ಗೆ ಗೆಳೆಯರು ಹೇಳಿದ್ದಾರೆಂದು ಫೋನಿನಲ್ಲಿ ಹೇಳಿದಿರಿ. ಅದು ನಿಮಗೆ ಅನ್ವಯಿಸುವುದಿಲ್ಲ. ಬೆಂಗಳೂರಿನಿಂದ ಹೊರಟಾಗ ಯುರೋಪಿನ ವಿಮಾನ ಸಂಸ್ಥೆಯಾಗಿದ್ದರೆ ಮಾತ್ರ ಆ ಕಾಯಿದೆ, ಅದೂ ತಡ ಮಾಡಿದ್ದು ವಿಮಾನ ಆಗಿರಬೇಕು. ಯುರೋಪಿನಿಂದ ಹೊರಡುವಾಗ ಯಾವ ಸಂಸ್ಥೆಯಾದರೂ ಅನ್ವಯಿಸುತ್ತದೆ. ಊರಿಗೆ ಬರುವ ದಾರಿಗೆ ನೆನಪಿಟ್ಟುಕೊಳ್ಳಿ.

ಸಂಬಳದ ಪ್ರಶ್ನೆಗೆ ನೇರ ಉತ್ತರ: ಕ್ಯಾಪ್ಟನ್ ಬಾಯಿಮಾತಿಗೆ ಹಿಡಿಯುವ ಹಾಗಿಲ್ಲ. ನಿಮ್ಮದು ಬಾಡಿಗೆಗೆ ಓಡುವ ಯಾಟ್, ಅಂದರೆ ವಾಣಿಜ್ಯ ಹಡಗು. 2006ರ ಕಡಲ ಕಾರ್ಮಿಕ ಒಪ್ಪಂದ, ನಾವೆಲ್ಲ ಎಂ.ಎಲ್.ಸಿ. ಅನ್ನುವುದು, ಅದಕ್ಕೆ ಅನ್ವಯಿಸುತ್ತದೆ. ಮಾಲೀಕ ತನ್ನ ಖುಷಿಗೆ ಮಾತ್ರ ಇಟ್ಟುಕೊಂಡ ಬೋಟಾಗಿದ್ದರೆ ಈ ರಕ್ಷಣೆ ಸಿಗುತ್ತಿರಲಿಲ್ಲ. ಕೆಲಸಕ್ಕೆ ಸೇರುವ ಮುಂಚೆ ಎಲ್ಲರೂ ಇದನ್ನು ಕೇಳಿ ತಿಳಿದುಕೊಳ್ಳಬೇಕು. ಆ ಒಪ್ಪಂದದಂತೆ ವೀಸಾ ಖರ್ಚು ಹಡಗಿನ ಮಾಲೀಕನದು. ಕೆಲಸ ಕೊಡಿಸಿದ್ದಕ್ಕೆ ನಿಮ್ಮಿಂದ ಕಮಿಷನ್ ತೆಗೆದುಕೊಳ್ಳುವಂತಿಲ್ಲ. ಅವಧಿ ಮುಗಿದಾಗ ಊರಿಗೆ ಕಳಿಸುವ ಖರ್ಚೂ ಅವನದೇ. ಆದರೆ ಸ್ವಂತ ಕಾರಣಕ್ಕೆ ನಡುವೆ ರಜೆ ಹಾಕಿ ಬಂದವನು ಮರಳುವ ಟಿಕೆಟಿನ ಬಗ್ಗೆ ಆ ಒಪ್ಪಂದ ಖಚಿತವಾಗಿ ಏನೂ ಹೇಳುವುದಿಲ್ಲ. ಅದು ನಿಮ್ಮ ಉದ್ಯೋಗ ಕರಾರಿನಲ್ಲಿ ಏನಿದೆ ಎಂಬುದರ ಮೇಲೆ ನಿಂತಿದೆ. ಕರಾರಿನ ಒಂದು ಪ್ರತಿ ನಿಮ್ಮ ಕೈಯಲ್ಲೇ ಇರಬೇಕು, ಅದು ನಿಮ್ಮ ಹಕ್ಕು. "ರಜೆಯ ಪ್ರಯಾಣ ಸಿಬ್ಬಂದಿಯದೇ" ಎಂದು ನೀವು ಸಹಿ ಹಾಕಿದ್ದರೆ ಟಿಕೆಟ್ ನಿಮ್ಮ ತಲೆಗೇ ಬರುತ್ತದೆ. ಹಾಗಿಲ್ಲದಿದ್ದರೆ, ಯಾವ ಕಲಮಿನ ಮೇಲೆ ಎಷ್ಟು ಹಿಡಿಯುತ್ತೀರಿ ಎಂದು ಬರವಣಿಗೆಯಲ್ಲಿ ಕೇಳಿ. ಜಗಳ ಬೇಡ, ಇಮೇಲ್ ಸಾಕು. ಉತ್ತರ ಬರದಿದ್ದರೆ ಬೋಟಿನಲ್ಲೇ ಇರಬೇಕಾದ ದೂರು ಪದ್ಧತಿ, ಅದಾದ ಮೇಲೆ ಬೋಟಿನ ಧ್ವಜ ಯಾವ ದೇಶದ್ದೋ ಆ ದೇಶದ ಕಡಲ ಇಲಾಖೆ, ಗ್ರೀಸ್‌ನ ಬಂದರು ಅಧಿಕಾರಿಗಳು. ಭಾರತದ ಏಜೆಂಟ್ ಮೂಲಕ ಹೋದವರಾದರೆ ಮುಂಬೈನ ನೌಕಾಯಾನ ಮಹಾನಿರ್ದೇಶನಾಲಯ.

ಬೋಟು ಕೈತಪ್ಪಿದ್ದರ ಬಗ್ಗೆ. ಏಜಿಯನ್ ಸಮುದ್ರದಲ್ಲಿ ಜುಲೈ, ಆಗಸ್ಟ್‌ನಲ್ಲಿ ಉತ್ತರದಿಂದ ಬೀಸುವ ಮೆಲ್ಟೆಮಿ ಗಾಳಿ ಇರುತ್ತದಲ್ಲ, ಆಕಾಶ ನೀಲಿಯಾಗಿ ಹೊಳೆಯುತ್ತಿರುವಾಗಲೇ ಬಂದು ದಿನಗಟ್ಟಲೆ ಕೂರುತ್ತದೆ. ಗಾಳಿ ಮಿತಿ ಮೀರಿದರೆ ಅಥೆನ್ಸ್ ಪಕ್ಕದ ಬಂದರು ಪಿರೇಯಸ್‌ನಲ್ಲಿ ಫೆರ್ರಿ ಬಿಡುವುದಿಲ್ಲ, ಬೋಟುಗಳೂ ಹೇಳಿದ ಕೊಲ್ಲಿಯಲ್ಲಿ ನಿಲ್ಲದೆ ಆಸರೆ ಹುಡುಕಿಕೊಂಡು ಹೋಗುತ್ತವೆ. ಅದಕ್ಕೇ ನಾನು ಎಲ್ಲರಿಗೂ ಹೇಳುವುದು: ಪ್ರಯಾಣದ ಲೆಕ್ಕವನ್ನು ಊರಿನಿಂದ ಹಾಕಬೇಡಿ, ಬೋಟಿನಿಂದ ಹಿಂದಕ್ಕೆ ಹಾಕಿ. ಅತಿಥಿಗಳು ಹತ್ತುವ ದಿನ ಯಾವುದು, ಅದಕ್ಕೆ ಎರಡು ದಿನ ಮುಂಚೆ ಬೋಟು ಎಲ್ಲಿರುತ್ತದೆ, ತಪ್ಪಿದರೆ ಮುಂದೆ ಎಲ್ಲಿ ಹಿಡಿಯಬಹುದು. ಕಂಪನಿ ಕೊಡುವ ಜಾಯಿನಿಂಗ್ ಪತ್ರದಲ್ಲಿ ಬೋಟಿನ ಹೆಸರು, ಧ್ವಜ, ನೋಂದಣಿ ಸಂಖ್ಯೆ, ಬೋಟು ಕಟ್ಟುವ ಮರೀನಾ (ಯಾಟ್‌ಗಳ ಬಂದರು), ಸ್ಥಳೀಯ ಏಜೆಂಟಿನ ಫೋನ್ ಇರಲಿ, ಕಾಗದದ ಮೇಲೆ. ಒಂದೇ ಕಡೆಯ ಟಿಕೆಟ್ ನೋಡಿ ಕೌಂಟರಿನವರು ಕೇಳುವ ಪ್ರಶ್ನೆಗೂ ಗಡಿಯ ಅಧಿಕಾರಿಯ ಪ್ರಶ್ನೆಗೂ ಆ ಒಂದು ಹಾಳೆ ಉತ್ತರ. ಬೋಟಿನ ಒಂಬತ್ತು ಅಂಕಿಯ ಗುರುತಿನ ಸಂಖ್ಯೆ, ಎಂ.ಎಂ.ಎಸ್.ಐ. ಅನ್ನುವುದು, ಫೋನಿನಲ್ಲಿದ್ದರೆ ಹಡಗು ತೋರಿಸುವ ಆ್ಯಪ್‌ಗಳಲ್ಲಿ ಅದು ಎಲ್ಲಿದೆ ಎಂದು ದಾರಿಯಲ್ಲೇ ನೋಡಬಹುದು.

ನಾನು ಹಾಸನದವನು, ಯಾಟ್‌ಗಳ ಇಂಜಿನ್ ರೂಮಿನಲ್ಲಿ ಹತ್ತೊಂಬತ್ತು ವರ್ಷ ಕಳೆದವನು. ಒಮ್ಮೆ ರಜೆ ಮುಗಿಸಿ ಹೊರಟಾಗ ಬೋಟಿನವರು "ಬರುವಾಗ ಜನರೇಟರಿನ ನೀರಿನ ಪಂಪು ತಗೊಂಡು ಬಾ" ಅಂದರು. ಎರಡು ಮುಷ್ಟಿಯಷ್ಟು ದೊಡ್ಡ ಕಂಚಿನ ಪಂಪು. ಅದರ ಜಿಡ್ಡು ಅಂಟದ ಹಾಗೆ ಉಣ್ಣೆಯ ಕಾಲುಚೀಲದಲ್ಲಿ ತುರುಕಿ, ಬಟ್ಟೆಯ ನಡುವೆ ಇಟ್ಟೆ. ಮೆಡಿಟರೇನಿಯನ್ ತೀರದ ಒಂದು ಏರ್‌ಪೋರ್ಟಿನಲ್ಲಿ ಎಕ್ಸ್‌ರೇ ಪರದೆಯ ಮೇಲೆ ಅದು ಕರಿ ಗಡ್ಡೆಯಾಗಿ ಕಂಡಿತು. ಬಿಲ್ಲು ಇಲ್ಲ, ಹಡಗಿನ ಬಿಡಿಭಾಗ ಎಂಬ ಪತ್ರವಿಲ್ಲ. ವಿಮಾನದಲ್ಲಿ ಬರುವವರಿಗೆ ಸುಂಕವಿಲ್ಲದೆ ಬಿಡುವುದು 430 ಯೂರೋ ಬೆಲೆಯ ಸಾಮಾನು, ಅದೂ ಸ್ವಂತ ಬಳಕೆಗೆ. ನಾಲ್ಕು ಗಂಟೆ ಒಂದು ಸ್ಟೀಲ್ ಬೆಂಚಿನ ಮೇಲೆ ಕೂರಿಸಿದರು. ಮರೀನಾ ಮುಟ್ಟಿದಾಗ ನಮ್ಮ ಬೋಟಿನ ಜಾಗದಲ್ಲಿ ಬರೀ ನೀರು, ಎರಡು ಹಗ್ಗದ ಗೂಟ. ಆ ಸಂಜೆಯ ನೆನಪು ಈಗಲೂ ಹೊಟ್ಟೆ ಹಿಂಡುತ್ತದೆ. ಬಿಡಿಭಾಗ ತರಲು ಹೇಳಿದರೆ ಬಿಲ್ಲು, ಬೋಟಿನ ಹೆಸರಿರುವ ಪತ್ರ, ಸುಂಕದ ಕೆಲಸ ನೋಡುವ ಏಜೆಂಟ್, ಮೂರೂ ಇಲ್ಲದೆ ಒಪ್ಪಿಕೊಳ್ಳಬೇಡಿ. ಒಂದೇ ಒಂದು ಬೋಲ್ಟ್ ತಾನೇ ಎಂದರೂ ಬೇಡ.

ಕೊನೆಗೆ ಅಮ್ಮನ ತುಪ್ಪ. ಅದನ್ನು ಯಾರೋ ಕದ್ದಿದ್ದಾರೆ ಎಂದು ನಿಮಗೆ ಅನುಮಾನ. ನನಗೆ ಹಾಗನ್ನಿಸುವುದಿಲ್ಲ. ಹೊರದೇಶದಿಂದ ಬರುವ ಪ್ರಯಾಣಿಕರು ಹಾಲಿನ ಪದಾರ್ಥ, ಮಾಂಸ ತರುವುದನ್ನು ಐರೋಪ್ಯ ಒಕ್ಕೂಟ ನಿಷೇಧಿಸಿದೆ, ತಡವಾಗಿ ಒಂಟಿಯಾಗಿ ಬಂದ ಚೀಲವನ್ನು ಕಸ್ಟಮ್ಸ್‌ನವರು ತೆರೆದು ನೋಡಿರುತ್ತಾರೆ. ಹಸಿ ಕರಿಬೇವನ್ನೂ ಬಿಡುವುದಿಲ್ಲ. ಅದಕ್ಕಿಂತ ದೊಡ್ಡ ಅಪಾಯ ನೀವು ಫೋನಿನಲ್ಲಿ ಹೇಳಿದ ಇನ್ನೊಂದು ಮಾತಿನಲ್ಲಿತ್ತು: ಪಾಯಸಕ್ಕೆಂದು ಕಾಲು ಕಿಲೋ ಗಸಗಸೆಯೂ ಅದೇ ಚೀಲದಲ್ಲಿತ್ತು ಎಂದಿರಿ. ಯು.ಎ.ಇ.ಯಂಥ ದೇಶಗಳಲ್ಲಿ ಗಸಗಸೆ ಮಾದಕ ವಸ್ತುವಿನ ಪಟ್ಟಿಗೆ ಸೇರುತ್ತದೆ, ಜೈಲಿನ ಮಾತು. ನಿಮಗೆ ಅಲ್ಲಿ ವೀಸಾ ಸಿಕ್ಕಿ, ಆ ಚೀಲ ಎತ್ತಿಕೊಂಡು ನೀವೇ ಕಸ್ಟಮ್ಸ್ ದಾಟಿದ್ದರೆ ಏನಾಗುತ್ತಿತ್ತೆಂದು ನೆನೆಸಿಕೊಂಡರೆ ಆ 19 ಗಂಟೆ ನನಗೆ ಕಡಿಮೆ ಅನ್ನಿಸುತ್ತದೆ. ಅಮ್ಮನಿಗೆ ಹೀಗೆ ಹೇಳಿ: ಹುರಿದು ಪುಡಿ ಮಾಡಿದ ನಮ್ಮ ಕಾಫಿ ಕಟ್ಟಲಿ, ಚಟ್ನಿಪುಡಿ, ಸಾರಿನ ಪುಡಿ ಕಟ್ಟಲಿ, ಎರಡು ಕಿಲೋ ಒಳಗೆ ತೋಟದ ಜೇನು ಕೂಡ ಆಗುತ್ತದೆ, ಬಾಟಲಿಯ ಬಾಯಿಗೆ ಟೇಪು ಸುತ್ತಿ ದೊಡ್ಡ ಚೀಲದಲ್ಲಿಡಲಿ. ತುಪ್ಪ, ಗಸಗಸೆ ಮನೆಯಲ್ಲೇ ಇರಲಿ, ನೀವು ನವೆಂಬರ್‌ನಲ್ಲಿ ಬಂದಾಗ ಪಾಯಸ ಮಾಡಿದರಾಯಿತು.